ಪಾಪ, ದೀನತೆ, ದೇವರ ಕರುಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಾದ್ರಿಯಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಬೆಂಗಳೂರಿನ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ದೊಡ್ಡವರ ಜೊತೆ ಕೂತು ಬೈಬಲ್ ಓದುತ್ತೇನೆ, ಅಷ್ಟೇ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ಪ್ರಶ್ನೆಗಳೂ ಬರುತ್ತವೆ. ಕೆಲವರು ಎಲ್ಲರ ಮುಂದೆ ಎದ್ದು ನಿಂತು ಕೇಳುತ್ತಾರೆ. ಜಾಸ್ತಿ ಜನ ಹಾಗಲ್ಲ. ಎಲ್ಲರೂ ಹೋಗಲಿ ಅಂತ ಕಾದು, ಹೆಲ್ಮೆಟ್ ಹುಡುಕುವ ನೆಪದಲ್ಲಿ ಹಿಂದೆ ಉಳಿದು ಕೇಳುತ್ತಾರೆ. ಇಲ್ಲಿರುವುದು ಹೆಚ್ಚಾಗಿ ಆ ಹೆಲ್ಮೆಟ್ ಪ್ರಶ್ನೆಗಳು.

ಪಾಪ ಅಂದರೆ ಏನು? ತಪ್ಪಿಗೂ ಪಾಪಕ್ಕೂ ಏನು ವ್ಯತ್ಯಾಸ?

ಕನ್ನಡದಲ್ಲಿ ಈ ಪದ ಎರಡು ಕೆಲಸ ಮಾಡುತ್ತದೆ, ಗಮನಿಸಿದ್ದೀರಾ? "ಅವನು ಮಾಡಿದ್ದು ಪಾಪ" ಅನ್ನುತ್ತೇವೆ. ಅದೇ ಬಾಯಲ್ಲಿ, ಬಿದ್ದು ಮಂಡಿ ತರಚಿಕೊಂಡ ಮಗುವನ್ನು ಕಂಡು "ಅಯ್ಯೋ ಪಾಪ" ಅನ್ನುತ್ತೇವೆ. ಒಂದರಲ್ಲಿ ದೂರು, ಇನ್ನೊಂದರಲ್ಲಿ ಮರುಕ. ಬೈಬಲಿನ ದೇವರು ಮನುಷ್ಯನನ್ನು ನೋಡುವಾಗ ಈ ಎರಡೂ ಅರ್ಥ ಒಟ್ಟಿಗೇ ಇರುತ್ತವೆ ಎಂದು ನನಗೆ ಅನಿಸುತ್ತದೆ. ನಾವು ಮಾತ್ರ ನಮ್ಮ ವಿಷಯಕ್ಕೆ ಎರಡನೆಯದನ್ನೂ ಪಕ್ಕದ ಮನೆಯವರ ವಿಷಯಕ್ಕೆ ಮೊದಲನೆಯದನ್ನೂ ಇಟ್ಟುಕೊಂಡಿದ್ದೇವೆ.

ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಪಾಪಕ್ಕೆ ಬಳಸುವ ಪದ 'ಹಮಾರ್ತಿಯಾ'. ಗುರಿ ತಪ್ಪುವುದು ಎಂಬುದು ಅದರ ಹಳೆಯ ಅರ್ಥ. ಆದರೆ ಗುರಿ ತಪ್ಪಿದ್ದೆಲ್ಲ ಪಾಪವಲ್ಲ. ಅಂಗಡಿಯವನು ಲೆಕ್ಕ ಕೂಡುವಾಗ ಐವತ್ತು ರೂಪಾಯಿ ಜಾಸ್ತಿ ಬರೆದರೆ ಅದು ತಪ್ಪು. ಜಾಸ್ತಿ ಬಂದಿದೆ ಎಂದು ಗೊತ್ತಾದ ಮೇಲೂ ಸುಮ್ನೆ ಆ ಬಿಲ್ ಗಿರಾಕಿಯ ಕೈಗೆ ಕೊಟ್ಟರೆ ಅದು ಪಾಪ. ಒಂದು ಪಾಪವನ್ನು ಮಾರಕ ಪಾಪ ಎನ್ನಬೇಕಾದರೆ ಕಥೋಲಿಕ ಧರ್ಮಸಭೆ ಮೂರು ವಿಷಯ ನೋಡುತ್ತದೆ. ವಿಷಯ ಗಂಭೀರವಾಗಿರಬೇಕು, ಗೊತ್ತಿದ್ದು ಮಾಡಿರಬೇಕು, ಮನಸ್ಸಿಟ್ಟು ಮಾಡಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಲೆಕ್ಕ ಬದಲಾಗುತ್ತದೆ.

ನಾನು ಕೊಲೆ ಮಾಡಿಲ್ಲ, ಕಳ್ಳತನ ಮಾಡಿಲ್ಲ. ನನ್ನನ್ನು ಯಾಕೆ ಪಾಪಿ ಅಂತೀರಿ?

ನಾನು ಅನ್ನುವುದಿಲ್ಲ. ನೀವೇ ಪ್ರತಿ ಭಾನುವಾರ ಪೂಜೆಯ ಶುರುವಿನಲ್ಲಿ ಎದೆ ಬಡಿದುಕೊಂಡು ಅನ್ನುತ್ತೀರಿ! ಆ ಪ್ರಾರ್ಥನೆಯಲ್ಲಿ ಆಲೋಚನೆ, ಮಾತು, ಕೆಲಸ ಎಂದ ಮೇಲೆ ನಾಲ್ಕನೆಯದೊಂದು ಬರುತ್ತದೆ: ಮಾಡಬೇಕಾದ್ದನ್ನು ಮಾಡದೆ ಬಿಟ್ಟದ್ದು. ನಾವು ಬೇಗ ಬೇಗ ಹೇಳಿ ಮುಗಿಸುವುದೂ ಅದನ್ನೇ.

ಬೈಬಲಿನ ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಒಬ್ಬ ಸಾಹುಕಾರನ ಕಥೆ ಇದೆ. ಅವನ ಮನೆ ಬಾಗಿಲಲ್ಲಿ ಲಾಜರ ಎಂಬ ಬಡವ, ಮೈತುಂಬ ಹುಣ್ಣು, ಬಿದ್ದುಕೊಂಡಿರುತ್ತಾನೆ. ಸಾಹುಕಾರ ಅವನಿಗೆ ಹೊಡೆಯಲಿಲ್ಲ, ಬೈಯಲಿಲ್ಲ, ಓಡಿಸಲೂ ಇಲ್ಲ. ದಿನಾ ಅವನನ್ನು ದಾಟಿಕೊಂಡು ಒಳಗೆ ಹೋಗಿ ಊಟ ಮಾಡಿದ. ಅವನ ಮೇಲಿನ ದೂರು ಅಷ್ಟೇ.

ಇನ್ನು ಸಣ್ಣ ಪಾಪದ ಮಾತು. ಉತ್ತರ ಆಫ್ರಿಕಾದ ಸಂತ ಅಗಸ್ಟೀನ್ ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಜೊತೆ ರಾತ್ರಿ ಹೊತ್ತು ಯಾರದೋ ಮರದ ಪೇರು ಹಣ್ಣು (ಸೀಬೆಯಲ್ಲ, ಇಂಗ್ಲಿಷಿನ ಪೇರ್) ಕದ್ದ. ಹಸಿವಿರಲಿಲ್ಲ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣು ಇತ್ತು. ಕದ್ದದ್ದನ್ನು ಹಂದಿಗಳಿಗೆ ಎಸೆದರು. ನಲವತ್ತು ದಾಟಿ ಬಿಷಪ್ ಆದ ಮೇಲೂ ಅವನು ಆ ಹಣ್ಣುಗಳ ಬಗ್ಗೆ ಪುಟಗಟ್ಟಲೆ ಬರೆದ. ಎಷ್ಟೋ ದೊಡ್ಡ ತಪ್ಪುಗಳಿದ್ದ ಮನುಷ್ಯ ಈ ಪೇರು ಹಣ್ಣನ್ನು ಯಾಕೆ ಹಿಡಿದುಕೊಂಡ? ಕಾರಣವೇ ಇಲ್ಲದೆ ಮಾಡಿದ ಕೆಟ್ಟ ಕೆಲಸ ಅದು. ಹಸಿದು ಕದ್ದಿದ್ದರೆ ಒಂದು ನೆಪ ಇರುತ್ತಿತ್ತು. ಇಲ್ಲಿ ಕೆಡುಕಿನ ರುಚಿಯೇ ರುಚಿ. ಮಾವಿನ ತೋಪಿಗೆ ಕಲ್ಲು ಹೊಡೆದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ, ಅಲ್ವಾ?

ಫರಿಸಾಯ ಉಪವಾಸ ಮಾಡುತ್ತಿದ್ದ, ದಶಾಂಶ ಕೊಡುತ್ತಿದ್ದ. ಅವನದ್ದು ಏನು ತಪ್ಪು?

ಅವನು ಮಾಡುತ್ತಿದ್ದುದರಲ್ಲಿ ಒಂದೂ ತಪ್ಪಿಲ್ಲ. ಈ ಕಥೆ ಲೂಕನ 18ನೇ ಅಧ್ಯಾಯದಲ್ಲಿದೆ. ಇಬ್ಬರು ಜೆರುಸಲೇಮಿನ ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ, ಒಬ್ಬ ಫರಿಸಾಯ, ಅಂದರೆ ಧರ್ಮದ ಕಟ್ಟಳೆಗಳನ್ನು ಚಾಚೂ ತಪ್ಪದೆ ಪಾಲಿಸುವ ಯೆಹೂದ್ಯ ಪಂಗಡದವನು, ಇನ್ನೊಬ್ಬ ಸುಂಕದವನು. ಫರಿಸಾಯ ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತಿದ್ದ. ಸುಂಕದವನು ರೋಮನ್ನರ ಪರವಾಗಿ ತನ್ನ ಜನರಿಂದಲೇ ದುಡ್ಡು ಕೀಳುತ್ತಿದ್ದವನು.

ನಮ್ಮಲ್ಲಿ ಒಂದು ಗಾದೆ ಇದೆ: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ಸುಂಕದವನಿಗೆ ಕರುಳೇ ಇಲ್ಲ, ಅವನ ಮುಂದೆ ಅತ್ತರೂ ಅಷ್ಟೇ ಎಂಬ ಅರ್ಥ. ಈ ಕಥೆ ಕೇಳಿದ ಆ ಕಾಲದ ಜನರಿಗೂ ಅದೇ ಭಾವನೆ ಇತ್ತು. ಯಾರಿಗೂ ಕರುಣೆ ತೋರದವನು ಇಲ್ಲಿ ದೂರ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು ಕರುಣೆ ಬೇಡುತ್ತಿದ್ದಾನೆ. "ದೇವರೇ, ಪಾಪಿಯಾದ ನನ್ನನ್ನು ಕರುಣಿಸು." ಅಷ್ಟೇ ಅವನ ಪ್ರಾರ್ಥನೆ. ದೇವರ ಮುಂದೆ ನೀತಿವಂತನಾಗಿ ಮನೆಗೆ ಹೋದವನು ಇವನೇ ಎಂದು ಯೇಸು ಹೇಳಿದರು.

ಫರಿಸಾಯನ ಪ್ರಾರ್ಥನೆಯನ್ನು ಇನ್ನೊಂದು ಸಲ ಓದಿ. ದೇವರಿಂದ ಅವನು ಏನನ್ನೂ ಕೇಳುವುದೇ ಇಲ್ಲ. ಕೈ ಚಾಚಿಲ್ಲ, ಆದ್ದರಿಂದ ಕೈಗೆ ಏನೂ ಬೀಳಲಿಲ್ಲ. ಜೊತೆಗೆ, ಪ್ರಾರ್ಥನೆ ಮಾಡುವಾಗಲೂ ಅವನ ಕಣ್ಣು ಹಿಂದೆ ನಿಂತವನ ಮೇಲಿದೆ. "ಈ ಸುಂಕದವನ ಹಾಗೆ ನಾನಿಲ್ಲವಲ್ಲ."

ಕ್ಲಾಸಿನಲ್ಲಿ ಈ ಪಾಠ ಮುಗಿದಾಗಲೆಲ್ಲ ಒಂದು ನಿಟ್ಟುಸಿರು ಕೇಳಿಸುತ್ತದೆ. ಸದ್ಯ, ನಾವು ಆ ಫರಿಸಾಯನ ಹಾಗಿಲ್ಲವಲ್ಲ ಎಂದು! ಈ ಕಥೆಯ ಬಲೆ ಇರುವುದೇ ಅಲ್ಲಿ. ನಾನೂ ಎಷ್ಟು ಸಲ ಬಿದ್ದಿದ್ದೇನೋ.

ದೀನತೆ ಅಂದರೆ ನನ್ನನ್ನು ನಾನೇ ಹಳಿದುಕೊಳ್ಳುವುದಾ?

ಅಲ್ಲ. ಚೆನ್ನಾಗಿ ಹಾಡುವವರನ್ನು "ಎಷ್ಟು ಚೆನ್ನಾಗಿ ಹಾಡಿದ್ರಿ" ಎಂದರೆ, "ಅಯ್ಯೋ ನನಗೇನು ಬರುತ್ತೆ" ಅನ್ನುತ್ತಾರೆ. ಅದು ದೀನತೆಯಲ್ಲ, ಇನ್ನೊಂದು ಸಲ ಹೊಗಳಿ ಎನ್ನುವ ಅರ್ಜಿ. "ಥ್ಯಾಂಕ್ಸ್, ತುಂಬಾ ಪ್ರಾಕ್ಟೀಸ್ ಮಾಡಿದ್ದೆ" ಎಂದರೆ ಸಾಕು.

ಲ್ಯಾಟಿನಿನಲ್ಲಿ ದೀನತೆಗೆ 'ಹ್ಯುಮಿಲಿತಾಸ್' ಎನ್ನುತ್ತಾರೆ. ಮಣ್ಣು ಎಂಬ ಅರ್ಥದ 'ಹ್ಯೂಮುಸ್' ಪದಕ್ಕೆ ಅದು ನಂಟು. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚುವಾಗ ಗುರುಗಳು ಹೇಳುವ ಮಾತೂ ಅದೇ: ನೀನು ಮಣ್ಣು, ಮಣ್ಣಿಗೇ ಮರಳುತ್ತೀಯ. ಆ ಬೂದಿ ಎಲ್ಲಿಂದ ಬರುತ್ತದೆ ಗೊತ್ತಾ? ಹಿಂದಿನ ವರ್ಷ ಗರಿಗಳ ಭಾನುವಾರ ಕೊಟ್ಟ ಗರಿಗಳನ್ನು ಸುಟ್ಟು ಮಾಡುತ್ತಾರೆ. ನಮ್ಮ ಕಡೆ ಅದು ಹೆಚ್ಚಾಗಿ ತೆಂಗಿನ ಗರಿ. ವರ್ಷವೆಲ್ಲ ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿ ಒಣಗಿ, ಧೂಳು ಹಿಡಿದು, ಮುಟ್ಟಿದರೆ ಪುಡಿಯಾಗುತ್ತಿರುತ್ತದೆ. ಹೋದ ವರ್ಷ ಅದನ್ನೇ ಬೀಸಿ ಹೊಸಾನ್ನ ಹಾಡಿದ್ದೆವು. ಈ ವರ್ಷ ಹಣೆ ಮೇಲೆ ಕಪ್ಪು ಗೆರೆ. ನಮ್ಮ ಜಯಕಾರಕ್ಕೆ ಎಷ್ಟು ಆಯಸ್ಸು ಎಂದು ಇದಕ್ಕಿಂತ ಚೆನ್ನಾಗಿ ಯಾವ ಪ್ರಸಂಗವೂ ಹೇಳಿಲ್ಲ.

ಮಣ್ಣು ಅಂದರೆ ಕೀಳಲ್ಲ. ನೆಲದ ಮೇಲೆ ನಿಂತವನು ಬೀಳುವುದು ಕಷ್ಟ. ಏಣಿ ಮೇಲೆ ನಿಂತವನಿಗೇ ಭಯ. ಆರನೇ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ ಬರೆದ ನಿಯಮದಲ್ಲಿ ದೀನತೆಗೆ 12 ಮೆಟ್ಟಿಲು ಹೇಳಿದ್ದಾನೆ. ಈ ಏಣಿಯಲ್ಲಿ ತಗ್ಗಿದಷ್ಟೂ ಮೇಲೆ ಹೋಗುತ್ತೀರಿ, ಉಬ್ಬಿದಷ್ಟೂ ಕೆಳಗಿಳಿಯುತ್ತೀರಿ.

ಕೊನೆಯ ಭೋಜನದ ರಾತ್ರಿ ಯೇಸು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರಲ್ಲ, ಆಗ "ನಾನು ಯಾವ ಲೆಕ್ಕ" ಅನ್ನಲಿಲ್ಲ. "ನೀವು ನನ್ನನ್ನು ಗುರು, ಒಡೆಯ ಅನ್ನುತ್ತೀರಿ, ಅದು ಸರಿ" ಎಂದರು. ತಾನು ಯಾರೆಂದು ಚೆನ್ನಾಗಿ ಗೊತ್ತಿದ್ದೇ ಬೋಗುಣಿ ಹಿಡಿದರು. ಪೋಪ್ ಫ್ರಾನ್ಸಿಸ್ 2013ರ ಪವಿತ್ರ ಗುರುವಾರ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿದ್ದವರ ಕಾಲು ತೊಳೆದರು. ಪೋಪ್ ಆಗಿ ಆಗಿನ್ನೂ ಒಂದು ತಿಂಗಳೂ ಆಗಿರಲಿಲ್ಲ.

ತಗ್ಗಿ ಬಗ್ಗಿ ನಡೆಯಬೇಕು ಅಂತ ಗಂಡನ ಹೊಡೆತ ಸಹಿಸಿಕೊಂಡು ಇರಬೇಕಾ?

ಬೇಡ. ಹಾಗೆ ಯಾರಾದರೂ ಬೈಬಲ್ ಹಿಡಿದು ಹೇಳಿದರೆ ಅವರು ತಪ್ಪು ಹೇಳುತ್ತಿದ್ದಾರೆ. ದೀನತೆ ನಾವಾಗಿ ಆರಿಸಿಕೊಳ್ಳುವುದು, ಇನ್ನೊಬ್ಬರು ಕೈ ಎತ್ತಿ ಕಲಿಸುವುದಲ್ಲ. ಯೇಸುವಿನ ವಿಚಾರಣೆಯಲ್ಲಿ ಒಬ್ಬ ಕಾವಲುಗಾರ ಕೆನ್ನೆಗೆ ಹೊಡೆದಾಗ ಅವರು ಸುಮ್ಮನಿರಲಿಲ್ಲ. "ನಾನು ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀಯ?" ಎಂದು ಕೇಳಿದರು. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಕ್ಷಮೆಯ ಮಾತು ಆಮೇಲೆ, ನಿಮಗೆ ಆದಾಗ. ಕ್ಷಮಿಸಿದರೂ ಅದೇ ಮನೆಗೆ ವಾಪಸ್ ಹೋಗಲೇಬೇಕು ಎಂದೇನಿಲ್ಲ.

ಮೊದಲು ನಾವು ಪಶ್ಚಾತ್ತಾಪ ಪಡಬೇಕಾ, ಇಲ್ಲ ದೇವರು ಮೊದಲು ಕರುಣೆ ತೋರಿಸುತ್ತಾರಾ?

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಕರುಣೆ ಮೊದಲು. ಮನೆ ಬಿಟ್ಟು ಹೋದ ಮಗನ ಕಥೆ ನೋಡಿ, ಲೂಕ 15. ಮಗ ಆಸ್ತಿ ಪಾಲು ಇಸಕೊಂಡು, ದೂರದೂರಿಗೆ ಹೋಗಿ, ಎಲ್ಲ ಉಡಾಯಿಸಿ, ಹಂದಿ ಕಾಯುವ ಕೆಲಸಕ್ಕೆ ಇಳಿದ. ಹೊಟ್ಟೆ ಹಸಿದಾಗ ಅಪ್ಪನ ನೆನಪಾಯಿತು. ಅಪ್ಪನ ಮೇಲಿನ ಪ್ರೀತಿಗಿಂತ ಅಪ್ಪನ ಮನೆಯ ಆಳುಗಳ ಊಟ ಅವನಿಗೆ ಮೊದಲು ನೆನಪಾದದ್ದು. ದಾರಿಯಲ್ಲಿ ಹೇಳಬೇಕಾದ ಮಾತು ತಯಾರು ಮಾಡಿಕೊಂಡ. ಮೂರು ತುಂಡು: ಪಾಪ ಮಾಡಿದೆ, ಮಗ ಅನ್ನಿಸಿಕೊಳ್ಳುವ ಯೋಗ್ಯತೆ ಇಲ್ಲ, ಕೂಲಿಯವನಾಗಿ ಇಟ್ಟುಕೊಳ್ಳಿ.

ಅವನು ಇನ್ನೂ ದೂರದಲ್ಲಿರುವಾಗಲೇ ಅಪ್ಪ ಕಂಡು, ಓಡಿ ಹೋಗಿ ತಬ್ಬಿಕೊಂಡ. ಅಲ್ಲಿ ಲೂಕ ಬಳಸುವ ಗ್ರೀಕ್ ಕ್ರಿಯಾಪದ ಹುಟ್ಟಿದ್ದು ಕರುಳು ಎಂಬ ಪದದಿಂದ. ಇಂಗ್ಲಿಷಿನವರು ಇದನ್ನು ಅನುವಾದಿಸಲು ಒದ್ದಾಡುತ್ತಾರೆ. ನಮಗೆ ಏನೂ ಕಷ್ಟವಿಲ್ಲ. ಅಪ್ಪನ ಕರುಳು ಚುರುಕ್ ಎಂದಿತು. ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲೂ ಕರುಣೆಗೆ ಇರುವ 'ರಹಮೀಮ್' ಎಂಬ ಪದ ತಾಯಿಯ ಗರ್ಭ ಎಂಬ ಪದದ ಬಳ್ಳಿ. ಹೆತ್ತ ಕರುಳು ಅನ್ನುತ್ತೇವಲ್ಲ, ಅದೇ.

ಮಗ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಲು ಶುರು ಮಾಡಿದ. ಮೊದಲ ಎರಡು ತುಂಡು ಹೇಳಿದ. ಮೂರನೆಯದಕ್ಕೆ, ಕೂಲಿಯವನಾಗಿ ಇಟ್ಟುಕೊಳ್ಳಿ ಎನ್ನುವುದಕ್ಕೆ, ಅಪ್ಪ ಅವಕಾಶವೇ ಕೊಡಲಿಲ್ಲ. ಆಳುಗಳನ್ನು ಕರೆದು ಬಟ್ಟೆ ತನ್ನಿ, ಉಂಗುರ ತನ್ನಿ, ಚಪ್ಪಲಿ ತನ್ನಿ ಎಂದುಬಿಟ್ಟ.

"ಮಾಡಿದ್ದುಣ್ಣೋ ಮಹರಾಯ" ಅಂತಾರಲ್ಲ. ದೇವರು ಎಲ್ಲ ಕ್ಷಮಿಸಿಬಿಟ್ಟರೆ ನ್ಯಾಯ ಎಲ್ಲಿ?

ಈ ಪ್ರಶ್ನೆ ಹೆಚ್ಚಾಗಿ ಬರುವುದು ಬೇರೆಯವರ ಪಾಪದ ವಿಷಯಕ್ಕೆ! ಆದರೂ ಒಳ್ಳೆಯ ಪ್ರಶ್ನೆ.

ಮತ್ತಾಯನ 18ನೇ ಅಧ್ಯಾಯದಲ್ಲಿ ಒಬ್ಬ ಸೇವಕ ರಾಜನಿಗೆ 10,000 ತಲಾಂತು ಸಾಲ ತೀರಿಸಬೇಕು. ನಾವು ಓದುತ್ತೇವೆ, ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ಲೆಕ್ಕ ಹಾಕಿ. ಒಂದು ದಿನಾರಿ ಅಂದರೆ ಆಗಿನ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಅಲ್ಲಿಗೆ ಅವನ ಸಾಲ 6 ಕೋಟಿ ದಿನಗಳ ಕೂಲಿ. ಇವತ್ತು ದಿನಕ್ಕೆ 500 ರೂಪಾಯಿ ಕೂಲಿ ಎಂದುಕೊಂಡರೂ 3,000 ಕೋಟಿ ರೂಪಾಯಿ. ಒಂದು ದಿನವೂ ರಜೆ ಹಾಕದೆ ದುಡಿದರೂ ತೀರಿಸಲು 1.64 ಲಕ್ಷ ವರ್ಷ ಬೇಕು. ಇಷ್ಟಾದರೂ ಅವನು ಕಾಲಿಗೆ ಬಿದ್ದು ಹೇಳುವುದೇನು? "ಸ್ವಲ್ಪ ತಾಳಿ, ಎಲ್ಲ ತೀರಿಸುತ್ತೇನೆ." ಈ ಮಾತಿಗೆ ಯೇಸುವಿನ ಮುಂದೆ ಕೂತಿದ್ದವರು ನಕ್ಕಿರಲೇಬೇಕು.

ರಾಜ ಅಷ್ಟೂ ಸಾಲ ಬಿಟ್ಟುಬಿಟ್ಟ. ಆ ಸೇವಕ ಹೊರಗೆ ಬಂದು, ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಅದೇ ಲೆಕ್ಕದಲ್ಲಿ ಅದು 50,000 ರೂಪಾಯಿ. ಸಣ್ಣ ದುಡ್ಡಲ್ಲ. ಯಾರಾದರೂ ನನಗೆ ಐವತ್ತು ಸಾವಿರ ಕೊಡಬೇಕಿದ್ದರೆ ನಾನೂ ರಾತ್ರಿ ನಿದ್ದೆ ಮಾಡುವುದಿಲ್ಲ. ಇನ್ನೊಬ್ಬರು ನಮಗೆ ಮಾಡಿದ ನೋವು ಏನೂ ಅಲ್ಲ ಎಂದು ಯೇಸು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಮೂರು ಸಾವಿರ ಕೋಟಿಯ ಹರಿದ ಪತ್ರ ಇಟ್ಟು ನೋಡು ಎನ್ನುತ್ತಿದ್ದಾರೆ.

ಕ್ಷಮೆ ಸಿಕ್ಕಿತು ಎಂದರೆ ಲೆಕ್ಕ ಸರಿಮಾಡುವ ಕೆಲಸ ಮುಗಿಯಿತು ಎಂದೂ ಅಲ್ಲ. ಯೆರಿಕೋ ಊರಿನ ಜಕ್ಕಾಯ ಸುಂಕದವರ ಮುಖ್ಯಸ್ಥ. ಯೇಸು ಅವನ ಮನೆಗೆ ಹೋಗುವಾಗ ಯಾವ ಷರತ್ತನ್ನೂ ಹಾಕಲಿಲ್ಲ. ಆಮೇಲೆ ಜಕ್ಕಾಯನೇ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ಪಡೆದದ್ದಕ್ಕೆ ನಾಲ್ಕು ಪಟ್ಟು ವಾಪಸ್ ಎಂದ. ಕದ್ದ ಸೈಕಲ್ ಇಟ್ಟುಕೊಂಡೇ ಪಾಪನಿವೇದನೆಗೆ, ಅಂದರೆ ಫಾದರ್ ಮುಂದೆ ಪಾಪ ಒಪ್ಪಿಕೊಳ್ಳಲು, ಹೋದರೆ ಫಾದರ್ ಮೊದಲು ಕೇಳುವುದು ಸೈಕಲ್ ಎಲ್ಲಿ ಅಂತಲೇ.

ಕಾಯಿಲೆ, ಕಷ್ಟ ಬಂದರೆ ಅದು ಪಾಪದ ಫಲವಾ?

ಯೇಸುವಿನ ಶಿಷ್ಯರೂ ಇದನ್ನೇ ಕೇಳಿದ್ದರು. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದ್ದು ಇವನೋ ಇವನ ಅಪ್ಪ ಅಮ್ಮನೋ ಎಂದರು. ಇಬ್ಬರೂ ಅಲ್ಲ ಎಂದು ಯೇಸು ಹೇಳಿದರು. ಸಿಲೋವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತಾಗಲೂ, ಅವರೇನು ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಎಂದರು. ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ನೋಡಲು ಹೋದಾಗ ದಯವಿಟ್ಟು ಈ ವಿಷಯ ಎತ್ತಬೇಡಿ.

ದೇವರ ಹತ್ತಿರ ನೇರವಾಗಿ ಕ್ಷಮೆ ಕೇಳಿದರೆ ಸಾಲದಾ? ಫಾದರ್ ಹತ್ತಿರ ಯಾಕೆ ಹೇಳಬೇಕು?

ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಯ ಗೆಳೆಯರು ಪ್ರತಿ ವರ್ಷ ಕೇಳುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಆರಾಧನೆಯ ಹೊತ್ತು ಎಲ್ಲರೂ ಕೂಡಿ ಪಾಪ ಒಪ್ಪಿಕೊಳ್ಳುತ್ತಾರೆ, ಉಳಿದದ್ದನ್ನು ದೇವರ ಹತ್ತಿರ ನೇರವಾಗಿ ಹೇಳುತ್ತಾರೆ. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1517ರಲ್ಲಿ ಬರೆದ 95 ವಾದಗಳಲ್ಲಿ ಮೊದಲನೆಯದೇ ಇದು: ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕು. ಆ ಮಾತಿಗೆ ಕಥೋಲಿಕನಾದ ನಾನೂ ತಲೆದೂಗುತ್ತೇನೆ. ನೇರವಾಗಿ ಕೇಳುವುದು ನಮ್ಮಲ್ಲೂ ಇದೆ. ಅದರ ಜೊತೆಗೆ ಪಾಪನಿವೇದನೆ ಎಂಬ ಸಂಸ್ಕಾರವೂ ಇದೆ. ಪುನರುತ್ಥಾನರಾದ ಯೇಸು ಶಿಷ್ಯರಿಗೆ, ನೀವು ಯಾರ ಪಾಪ ಕ್ಷಮಿಸುತ್ತೀರೋ ಅವರಿಗೆ ಕ್ಷಮೆ ಸಿಗುತ್ತದೆ ಎಂದು ಹೇಳಿದ್ದನ್ನು ಧರ್ಮಸಭೆ ಅದಕ್ಕೆ ಆಧಾರವಾಗಿ ಹಿಡಿಯುತ್ತದೆ. ವರ್ಷಕ್ಕೆ ಒಂದು ಸಲವಾದರೂ ಮಾಡಬೇಕು ಎಂಬ ಕಟ್ಟಳೆ ಬಂದದ್ದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯಲ್ಲಿ.

ವಾದ ಬಿಡಿ, ನನ್ನದೇ ಒಂದು ಹೇಳುತ್ತೇನೆ. ಅಮ್ಮನಿಗೆ ಸೊಂಟದ ಆಪರೇಷನ್ ಆದಾಗ ಖರ್ಚು ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ. ಒಂದು ರಾತ್ರಿ ಹನ್ನೊಂದು ಗಂಟೆಗೆ ಮನೆಯವರ ವಾಟ್ಸಾಪ್ ಗುಂಪಿಗೆ ಬರೆದೆ: "ಅಮ್ಮ ಎಲ್ಲರಿಗೂ ಅಮ್ಮ. ಬಿಲ್ ಮಾತ್ರ ಒಬ್ಬನಿಗೆ." ಇದು ತಮ್ಮನಿಗೆ ಎಂದು ಎಲ್ಲರಿಗೂ ಗೊತ್ತಾಯಿತು. ಅವನು ಉತ್ತರ ಬರೆಯಲಿಲ್ಲ. ಎರಡು ವಾರ ಬಿಟ್ಟು ಅಕ್ಕ ಹೇಳಿದಳು, ಔಷಧಿ ಅಂಗಡಿಯ ಲೆಕ್ಕ, ಮನೆಗೆ ಬರುವ ಫಿಸಿಯೋಥೆರಪಿಯವರ ದುಡ್ಡು, ಎಲ್ಲ ಅವನೇ ಕೊಡುತ್ತಿದ್ದನಂತೆ. ಹೇಳಿಕೊಂಡಿರಲಿಲ್ಲ ಅಷ್ಟೇ.

ದೇವರ ಹತ್ತಿರ ನೇರವಾಗಿ ಕ್ಷಮೆ ಕೇಳಿದೆ. ಒಂದಲ್ಲ, ಹತ್ತು ಸಲ. ದೇವರ ಹತ್ತಿರ ಕೇಳುವುದು ಸುಲಭ. ತಮ್ಮನ ಹತ್ತಿರ ಕೇಳುವುದೇ ಕಷ್ಟ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಪಾಪನಿವೇದನೆಯ ಕ್ಯೂನಲ್ಲಿ ನಿಂತೆ. ಜಾಲರಿಯ ಈ ಕಡೆಯಿಂದ, "ಕೋಪ ಮಾಡಿಕೊಂಡೆ, ಕೆಟ್ಟ ಮಾತು ಆಡಿದೆ" ಎಂದು ಸಾಮಾನ್ಯ ಪಟ್ಟಿಯಲ್ಲಿ ಸೇರಿಸಿ ಹೇಳಿದೆ.

"ಯಾರ ಮೇಲೆ?"

"ತಮ್ಮನ ಮೇಲೆ, ಫಾದರ್."

"ಅವರಿಗೆ ಫೋನ್ ಮಾಡಿದ್ರಾ?"

"ಇಲ್ಲ."

"ಎಷ್ಟು ದಿನ ಆಯ್ತು?"

"ನಾಲ್ಕು ತಿಂಗಳು."

ಜಾಲರಿಯ ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಬಿಟ್ಟು ಇನ್ನೇನೂ ಇರಲಿಲ್ಲ. ಆಮೇಲೆ ಪ್ರಾಯಶ್ಚಿತ್ತ ಹೇಳಿದರು: "ಮೂರು ಪರಲೋಕ ಮಂತ್ರ, ಒಂದು ಫೋನ್."

ಬೈಕ್ ನಿಲ್ಲಿಸಿದ್ದ ಜಾಗಕ್ಕೆ ಬಂದು, ಅಲ್ಲೇ ನಿಂತು ನಂಬರ್ ಒತ್ತಿದೆ. ಏನೇನೋ ತಯಾರು ಮಾಡಿಕೊಂಡಿದ್ದೆ. ಅವನು ಫೋನ್ ಎತ್ತಿ ಹೇಳಿದ ಮೊದಲ ಮಾತು, "ಊಟ ಆಯ್ತಾ ಅಣ್ಣಾ?" ನನ್ನ ತಯಾರಿ ಅಲ್ಲಿಗೆ ಮುಗಿಯಿತು. ಸಾರಿ ಕಣೋ ಎನ್ನುವಷ್ಟು ಮಾತ್ರ ಗಂಟಲಿಂದ ಬಂತು.

ಆ ಫೋನ್ ನಾನಾಗಿಯೇ ಮಾಡಬಹುದಿತ್ತು, ನಿಜ. ಮಾಡಿರಲಿಲ್ಲ. ಫಾದರ್ ಹತ್ತಿರ ಯಾಕೆ ಹೇಳಬೇಕು ಎಂದರೆ ನನ್ನ ಉತ್ತರ ಇಷ್ಟೇ.

ಫಾದರ್ ಯಾರಿಗಾದರೂ ಹೇಳಿಬಿಟ್ಟರೆ?

ಹೇಳುವಂತಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆ ಹಾಕಬಾರದು. ನೇರವಾಗಿ ಬಯಲು ಮಾಡಿದ ಗುರುವಿಗೆ ಧರ್ಮಸಭೆಯ ಕಾನೂನಿನಲ್ಲಿ ಬಹಿಷ್ಕಾರದ ಶಿಕ್ಷೆ ಇದೆ. 1393ರಲ್ಲಿ ಪ್ರಾಗ್ ನಗರದಲ್ಲಿ ಯೋಹಾನ ನೆಪೋಮುಕ್ ಎಂಬ ಗುರುವನ್ನು ರಾಜನ ಅಪ್ಪಣೆಯಂತೆ ನದಿಗೆ ಎಸೆದು ಕೊಂದರು. ರಾಣಿಯ ಪಾಪನಿವೇದನೆಯನ್ನು ರಾಜನಿಗೆ ಹೇಳಲು ಒಪ್ಪದಿದ್ದಕ್ಕೆ ಎಂದು ಪರಂಪರೆ ಹೇಳುತ್ತದೆ. ಮುಖ ಕಾಣಬಾರದು ಎಂದರೆ ಜಾಲರಿ ಇದ್ದೇ ಇದೆ. ನಿಮ್ಮ ಧರ್ಮಕೇಂದ್ರದ ಗುರುಗಳ ಮುಂದೆ ಮುಜುಗರವಾದರೆ ಬೇರೆ ಚರ್ಚಿಗೆ ಹೋಗಿ. ಯಾರೂ ಕೇಳುವುದಿಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಂಥ ದೊಡ್ಡ ಚರ್ಚಿನ ಜನಜಂಗುಳಿಯಲ್ಲಿ ನಿಮ್ಮನ್ನು ಗುರುತು ಹಿಡಿಯುವವರೂ ಕಡಿಮೆ.

ಅದೇ ಪಾಪ ಮತ್ತೆ ಮತ್ತೆ ಮಾಡುತ್ತೇನೆ. ಇದೇನು ನಾಟಕವಾ ಅನಿಸುತ್ತದೆ.

ದಿನಾ ಸ್ನಾನ ಮಾಡುತ್ತೀರಿ, ದಿನಾ ಕೊಳೆ ಆಗುತ್ತೀರಿ. ಅದನ್ನು ನಾಟಕ ಅನ್ನುವುದಿಲ್ಲ. ಬಿಡಬೇಕು ಎಂಬ ಮನಸ್ಸು ಆ ಹೊತ್ತಿಗೆ ನಿಜವಾಗಿದ್ದರೆ ಸಾಕು.

ಬದಲಾವಣೆ ನಿಧಾನ. ಇಂಗ್ಲೆಂಡಿನ ಜಾನ್ ನ್ಯೂಟನ್ ಹೆಸರು ಕೇಳಿರಬಹುದು, 'ಅಮೇಜಿಂಗ್ ಗ್ರೇಸ್' ಹಾಡು ಬರೆದವನು. 1748ರಲ್ಲಿ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕು ದೇವರನ್ನು ಕೂಗಿದ, ಬದುಕಿದ, ಬದಲಾದ ಎಂದು ಪ್ರಸಂಗಗಳಲ್ಲಿ ಹೇಳುತ್ತಾರೆ. ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ ಬಿರುಗಾಳಿಯ ಮೇಲೂ ಅವನು ಆಫ್ರಿಕಾದ ಜನರನ್ನು ಗುಲಾಮರಾಗಿ ಸಾಗಿಸುವ ಹಡಗಿನ ಕಪ್ತಾನನಾಗಿ ದುಡಿದ! 1754ರಲ್ಲಿ ಸಮುದ್ರ ಬಿಟ್ಟದ್ದು ಕೂಡ ಆರೋಗ್ಯ ಕೆಟ್ಟದ್ದರಿಂದ. ಆ ವ್ಯಾಪಾರ ಘೋರ ಪಾಪ ಎಂದು ಎಲ್ಲರಿಗೂ ಗೊತ್ತಾಗುವ ಹಾಗೆ ಬರೆದು ಪ್ರಕಟಿಸಿದ್ದು 1788ರಲ್ಲಿ, ಬಿರುಗಾಳಿಯಾಗಿ ನಲವತ್ತು ವರ್ಷಕ್ಕೆ. ಬ್ರಿಟಿಷ್ ಪಾರ್ಲಿಮೆಂಟ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ ಅವನು ತೀರಿಕೊಂಡ. ನನಗೆ ಈ ಪೂರ್ತಿ ಕಥೆ ಆ ಬಿರುಗಾಳಿಯ ಕಥೆಗಿಂತ ಹೆಚ್ಚು ನಿಜ ಅನಿಸುತ್ತದೆ. ಆದರೆ ಆ ನಲವತ್ತು ವರ್ಷದ ಬೆಲೆ ಕೊಟ್ಟವರು ಅವನ ಹಡಗಿನ ತಳದಲ್ಲಿ ಸರಪಳಿ ಹಾಕಿಸಿಕೊಂಡಿದ್ದವರು ಎನ್ನುವುದನ್ನೂ ಮರೆಯಬಾರದು.

ಕ್ಷಮೆಯೇ ಇಲ್ಲದ ಪಾಪ ಇದೆಯಾ?

ಪವಿತ್ರಾತ್ಮರ ವಿರುದ್ಧದ ದೂಷಣೆಗೆ ಕ್ಷಮೆ ಇಲ್ಲ ಎಂಬ ಮಾತು ಬೈಬಲಿನಲ್ಲಿದೆ. ಕರುಣೆಯನ್ನೇ ಬೇಡ ಎಂದು ಬಾಗಿಲು ಹಾಕಿಕೊಳ್ಳುವುದು ಎಂದು ಧರ್ಮಸಭೆ ಅದನ್ನು ಬಿಡಿಸಿ ಹೇಳುತ್ತದೆ. ನಾನು ಆ ಪಾಪ ಮಾಡಿಬಿಟ್ಟೆನೋ ಎಂದು ಹೆದರುವವರು ಅದನ್ನು ಮಾಡಿಲ್ಲ ಎಂದೇ ಲೆಕ್ಕ.

ಶಿಷ್ಯರಾದ ಪೇತ್ರ, ಯೂದ ಇಬ್ಬರೂ ಒಂದೇ ರಾತ್ರಿ ಯೇಸುವಿನ ಕೈಬಿಟ್ಟರು. ಯೂದನೂ "ಪಾಪ ಮಾಡಿದೆ" ಎಂದು ಒಪ್ಪಿಕೊಂಡ, ಯೇಸುವನ್ನು ಹಿಡಿದುಕೊಡಲು ಪಡೆದ ಮೂವತ್ತು ಬೆಳ್ಳಿ ನಾಣ್ಯವನ್ನೂ ವಾಪಸ್ ತಂದ. ಆದರೆ ಹೇಳಿಕೊಂಡದ್ದು ಯಾರ ಹತ್ತಿರ? ಅವನನ್ನು ಕೊಂಡುಕೊಂಡ ಯಾಜಕರ ಹತ್ತಿರ. "ನಮಗೇನು, ಅದು ನಿನ್ನ ಪಾಡು" ಎಂದರು ಅವರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದು ಎಂದರೆ ಇದು.

ಪೇತ್ರ ಪ್ರಧಾನ ಯಾಜಕನ ಅಂಗಳದಲ್ಲಿ, ಚಳಿಗೆ ಹಾಕಿದ್ದ ಇದ್ದಲು ಬೆಂಕಿಯ ಮುಂದೆ ಮೈ ಕಾಯಿಸಿಕೊಳ್ಳುತ್ತ, ಆ ಮನುಷ್ಯನನ್ನು ನಾನು ಅರಿಯೆ ಎಂದ. ಯೊವಾನ್ನನ ಶುಭಸಂದೇಶ ಇದ್ದಲು ಬೆಂಕಿಗೆ ಬಳಸುವ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಸಲ. ಎರಡನೆಯದು ಸರೋವರದ ದಡದಲ್ಲಿ. ಪುನರುತ್ಥಾನರಾದ ಯೇಸು ಬೆಳಗ್ಗೆ ಇದ್ದಲು ಬೆಂಕಿಯ ಮೇಲೆ ಮೀನು ಸುಡುತ್ತ ಕಾದಿದ್ದರು. ತಿಂಡಿ ಆದ ಮೇಲೆ ಮೂರು ಸಲ ಕೇಳಿದರು: ನನ್ನನ್ನು ಪ್ರೀತಿಸುತ್ತೀಯಾ? ಅಂದು ರಾತ್ರಿಯ ಸುದ್ದಿ ಎತ್ತಲೇ ಇಲ್ಲ. ಆ ಹೊಗೆಯ ವಾಸನೆ ಪೇತ್ರನ ಮೂಗಿಗೆ ಬಡಿದಿರಬೇಕು.

ಪಾಪನಿವೇದನೆ ಮಾಡಿದರೂ ಕ್ಷಮೆ ಸಿಕ್ಕಿದೆ ಅಂತ ನಂಬೋಕೇ ಆಗುತ್ತಿಲ್ಲ. ದಿನಾ ಅದೇ ಯೋಚನೆ.

ನೀವು ಒಬ್ಬರೇ ಅಲ್ಲ. ಸಂತ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ಹೇಳಿ, ಸಾಯುವ ಯೋಚನೆ ಬರುವಷ್ಟು ಒದ್ದಾಡಿದ. ಮುಗಿದ ಪಾಪಗಳನ್ನು ಇನ್ನು ಕೆದಕುವುದಿಲ್ಲ ಎಂದು ತೀರ್ಮಾನ ಮಾಡಿದ ಮೇಲೇ ಅವನಿಗೆ ಬಿಡುಗಡೆ. ಒಬ್ಬರೇ ಗುರುವನ್ನು ಗೊತ್ತು ಮಾಡಿಕೊಂಡು ಅವರು ಸಾಕು ಎಂದಾಗ ನಿಲ್ಲಿಸುವುದು ಹಳೆಯ ಉಪಾಯ. ಇದು ಬರೀ ಭಕ್ತಿಯ ವಿಷಯ ಆಗಿರದೆ ಕಾಯಿಲೆಯೂ ಆಗಿರಬಹುದು. ಊಟ ನಿದ್ದೆ ಕೆಟ್ಟಿದ್ದರೆ ಮನೋವೈದ್ಯರನ್ನು ನೋಡಿ, ಇಲ್ಲವೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದರಲ್ಲಿ ವಿಶ್ವಾಸದ ಕೊರತೆ ಏನೂ ಇಲ್ಲ.

ಎದೆಯಿಂದ ಎರಡು ಕಿರಣ ಬರುವ ಯೇಸುವಿನ ಚಿತ್ರ ಯಾವುದು?

ದೈವಕರುಣೆಯ ಚಿತ್ರ. ಪೋಲೆಂಡಿನ ಸಿಸ್ಟರ್ ಫೌಸ್ಟೀನಾ 1931ರಲ್ಲಿ ಕಂಡ ದರ್ಶನದ ಪ್ರಕಾರ ಬರೆಸಿದ್ದು. ಬಿಳಿ ಕಿರಣ ನೀರಿಗೆ, ಕೆಂಪು ಕಿರಣ ರಕ್ತಕ್ಕೆ. ಆಕೆ ಕಾನ್ವೆಂಟಿನಲ್ಲಿ ಅಡುಗೆಮನೆ, ತೋಟ, ಬಾಗಿಲು ಕಾಯುವ ಕೆಲಸ ಮಾಡಿಕೊಂಡಿದ್ದವರು. 1934ರಲ್ಲಿ ಚಿತ್ರ ಬರೆಯುತ್ತಿದ್ದಾಗ ನೋಡಿ, ತಾನು ಕಂಡಷ್ಟು ಚೆಂದ ಬಂದಿಲ್ಲವಲ್ಲ ಎಂದು ಅತ್ತರಂತೆ. 1938ರಲ್ಲಿ, 33ನೇ ವಯಸ್ಸಿಗೆ ತೀರಿಕೊಂಡರು. 2000ದ ಏಪ್ರಿಲ್ 30ರಂದು ಪೋಪ್ ಎರಡನೇ ಜಾನ್ ಪಾಲ್ ಈ ಸಿಸ್ಟರನ್ನು ಸಂತರೆಂದು ಸಾರಿದರು. ಈಸ್ಟರ್ ಆದ ಮುಂದಿನ ಭಾನುವಾರ ದೈವಕರುಣೆಯ ಹಬ್ಬ.

ಇನ್ನೊಬ್ಬರ ಪಾಪ ಕಂಡರೆ ಹೇಳಲೇಬಾರದಾ?

ಹೇಳಬಹುದು. ಇನ್ನೊಬ್ಬನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡ ದಾವೀದ ರಾಜನ ಮುಖಕ್ಕೇ ಪ್ರವಾದಿ ನಾತಾನ ಹೇಳಿದ. ಆದರೆ ಹೇಗೆ? ಬಡವನ ಒಂದೇ ಒಂದು ಕುರಿಮರಿಯನ್ನು ಸಾಹುಕಾರ ಕಿತ್ತುಕೊಂಡ ಕಥೆ ಹೇಳಿ, ರಾಜನೇ ಸಿಟ್ಟಿಗೆದ್ದು ತೀರ್ಪು ಕೊಡುವ ತನಕ ಕಾದು, ಆಮೇಲೆ "ಆ ಮನುಷ್ಯ ನೀನೇ" ಎಂದ. ತನಗಿಂತ ಮೇಲಿನವನಿಗೆ ಹೇಳಿದ, ಪ್ರಾಣ ಹೋಗುವ ಅಪಾಯ ಇಟ್ಟುಕೊಂಡು. ನಾವು ಹೇಳುವುದು ಹೆಚ್ಚಾಗಿ ತಿರುಗಿ ಮಾತಾಡಲಾಗದವರಿಗೆ.

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಮೋಸೆಸ್ ಎಂಬ ಸನ್ಯಾಸಿ ಇದ್ದ. ಹಿಂದೆ ದರೋಡೆ ಮಾಡಿಕೊಂಡಿದ್ದವನು. ಒಬ್ಬ ಜೊತೆ ಸನ್ಯಾಸಿ ತಪ್ಪು ಮಾಡಿದ ಎಂದು ಹಿರಿಯರೆಲ್ಲ ಪಂಚಾಯಿತಿ ಸೇರಿದರು. ಮೋಸೆಸ್ ಬರಲು ಒಪ್ಪಲಿಲ್ಲ. ಮತ್ತೆ ಹೇಳಿ ಕಳಿಸಿದಾಗ, ತೂತು ಬಿದ್ದ ಒಂದು ಹೂಜಿಗೆ ನೀರು ತುಂಬಿ ಹೊತ್ತುಕೊಂಡು ಬಂದ. ಇದೇನು ಎಂದು ಕೇಳಿದರು. "ನನ್ನ ಪಾಪಗಳು ನನ್ನ ಬೆನ್ನ ಹಿಂದೆ ಸೋರುತ್ತ ಬರುತ್ತಿವೆ, ನನಗೆ ಕಾಣುತ್ತಿಲ್ಲ. ನಾನು ಇನ್ನೊಬ್ಬನ ತಪ್ಪಿಗೆ ತೀರ್ಪು ಹೇಳಲು ಬಂದಿದ್ದೇನೆ." ಪಂಚಾಯಿತಿ ಎದ್ದು ಹೋಯಿತು, ಆ ಸನ್ಯಾಸಿಗೆ ಕ್ಷಮೆಯೂ ಸಿಕ್ಕಿತು.

ಪಾಪನಿವೇದನೆ ಮಾಡಿ ಹದಿನೈದು ವರ್ಷ ಆಯಿತು. ಪ್ರಾರ್ಥನೆಯೂ ಮರೆತುಹೋಗಿದೆ. ಹೇಗೆ ಶುರು ಮಾಡಲಿ?

"ಫಾದರ್, ಹದಿನೈದು ವರ್ಷ ಆಯ್ತು, ಹೇಗೆ ಅಂತ ಮರೆತಿದ್ದೇನೆ" ಎಂದೇ ಶುರು ಮಾಡಿ. ಮುಂದಿನದನ್ನು ಅವರೇ ಕೈಹಿಡಿದು ನಡೆಸುತ್ತಾರೆ. ಕಥೆ ಬೇಡ, ಹೆಂಡತಿಯ ತಪ್ಪು ಬೇಡ, ಬಾಸ್‌ನ ತಪ್ಪು ಬೇಡ. ನಿಮ್ಮದನ್ನು ಮಾತ್ರ, ಇದ್ದದ್ದು ಇದ್ದ ಹಾಗೆ ಹೇಳಿ. ಹೇಳಲು ನಾಚಿಕೆಯಾಗುವುದನ್ನು ಮೊದಲು ಹೇಳಿಬಿಡಿ, ಕೊನೆಗೆ ಇಟ್ಟುಕೊಂಡರೆ ನುಂಗಿಬಿಡುತ್ತೀರಿ. ನಿಜವಾಗಿ ಮರೆತದ್ದರ ಬಗ್ಗೆ ಚಿಂತೆ ಬೇಡ, ಅದಕ್ಕೂ ಕ್ಷಮೆ ಸೇರಿಯೇ ಇರುತ್ತದೆ.

ಪವಿತ್ರ ವಾರದಲ್ಲಿ ಹೋಗಬೇಡಿ, ಕ್ಯೂ ಉದ್ದ ಇರುತ್ತದೆ, ಹಿಂದಿನವರ ಕೆಮ್ಮು ಕೇಳಿಸಿದರೆ ನೀವು ಅವಸರ ಮಾಡುತ್ತೀರಿ. ಯಾವುದಾದರೂ ಮಾಮೂಲಿ ಶನಿವಾರ ಸಂಜೆ ಆದೀತು. ಇಲ್ಲವೇ ಫೋನ್ ಮಾಡಿ ಸಮಯ ಕೇಳಿ. ಚೀಟಿಯಲ್ಲಿ ಬರೆದುಕೊಂಡು ಹೋದರೂ ನಡೆಯುತ್ತದೆ. ಮುಗಿದ ಮೇಲೆ ಆ ಚೀಟಿ ಹರಿದುಹಾಕಿ. ಶರ್ಟಿನ ಜೇಬಿನಲ್ಲಿ ಬಿಟ್ಟು ಒಗೆಯಲು ಹಾಕಬೇಡಿ. ನಮ್ಮ ಮನೆಯಲ್ಲಿ ಒಗೆಯುವ ಮುಂಚೆ ಜೇಬು ನೋಡುತ್ತಾರೆ.